ನನ್ನದೇ ಪ್ರಶ್ನೆಗೆ ನಾನೇ ಸಿಕ್ಕಿಬಿದ್ದ ದಿನ

ಪರೀಕ್ಷೆಗೆ ನಾಲ್ಕು ದಿನ ಉಳಿದಿತ್ತು. ಗಂಟಲು ಕೆರೆಯುತ್ತಿತ್ತು, ಮೂಗು ಸೋರುತ್ತಿತ್ತು. ಕರವಸ್ತ್ರ ಹಿಡಿದುಕೊಂಡೇ ಹಾಸ್ಟೆಲಿನ ಕೋಣೆ ಕೋಣೆಗೆ ಹೋಗಿ ಪ್ರಶ್ನಾವಳಿ ತುಂಬಿಸಿಕೊಳ್ಳುತ್ತಿದ್ದೆ. ಸೂಕ್ಷ್ಮಜೀವಿಶಾಸ್ತ್ರದ ಕಿರುಯೋಜನೆ ಅದು. ಬ್ಯಾಕ್ಟೀರಿಯಾ ಸೋಂಕಿಗೆ ಕೊಡುವ ಔಷಧವಾದ ಆ್ಯಂಟಿಬಯಾಟಿಕ್ ಬಗ್ಗೆ ವಿದ್ಯಾರ್ಥಿಗಳಿಗೆ ಎಷ್ಟು ಗೊತ್ತು ಎಂದು ತಿಳಿಯಬೇಕಿತ್ತು. ಕೇಳುವವಳಿಗೆ ಎಲ್ಲ ಗೊತ್ತು ಎಂದು ಯಾರೂ ಹೇಳಿರಲಿಲ್ಲ, ನಾನೇ ಅಂದುಕೊಂಡಿದ್ದೆ.

ನೆಗಡಿಗೆ ಆ್ಯಂಟಿಬಯಾಟಿಕ್ ಕೆಲಸ ಮಾಡುತ್ತದೆಯೇ ಎಂಬ ಪ್ರಶ್ನೆಗೆ ಹೆಚ್ಚಿನವರು ಸಲೀಸಾಗಿ 'ಇಲ್ಲ' ಎಂದು ಗುರುತು ಹಾಕಿದರು. ಪೆನ್ನು ನಿಂತದ್ದು ಮುಂದಿನ ಪ್ರಶ್ನೆಗೆ: ಔಷಧಕ್ಕೆ ಜಗ್ಗದಂತಾಗುವುದು ನಿಮ್ಮ ದೇಹವೋ, ಬ್ಯಾಕ್ಟೀರಿಯಾವೋ?

"ದೇಹವೇ ಅಲ್ಲವೇ? ಪದೇ ಪದೇ ತೆಗೆದುಕೊಂಡರೆ ಮೈಗೆ ಒಗ್ಗಿಹೋಗುತ್ತದೆ" ಎಂದಳು ಅರ್ಥಶಾಸ್ತ್ರ ಓದುವ ಗೆಳತಿ.

ಇದು ಸಣ್ಣ ತಪ್ಪೆಂದು ನನಗೆ ಅನ್ನಿಸುವುದಿಲ್ಲ. ಒಗ್ಗುವುದು ಮೈ ಎಂದಾದರೆ ನಷ್ಟವೆಲ್ಲ ನುಂಗಿದವರದೇ. ಅಪರೂಪಕ್ಕೊಮ್ಮೆ ನುಂಗುವವರು ಹಾಯಾಗಿರಬಹುದು. ಆದರೆ ಬದಲಾಗುವುದು ಬ್ಯಾಕ್ಟೀರಿಯಾ. ಔಷಧದ ಏಟಿಗೆ ಉಳಿದುಕೊಂಡವು ಸಂತಾನ ಬೆಳೆಸುತ್ತವೆ. ಎದುರಿಸಿ ನಿಲ್ಲುವ ವಂಶವಾಹಿಯನ್ನು ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಉಂಗುರದ ಮೂಲಕ ಬೇರೆ ಜಾತಿಯ ಬ್ಯಾಕ್ಟೀರಿಯಾಗೂ ದಾಟಿಸಬಲ್ಲವು. ಒಂದು ಮಾತ್ರೆಯನ್ನೂ ಮುಟ್ಟದವರಿಗೂ ಅವು ಅಂಟಬಹುದು. ಇದನ್ನೆಲ್ಲ ಹಾಳೆಯ ಹಿಂಬದಿಯಲ್ಲಿ ಚಿತ್ರ ಬರೆದು ವಿವರಿಸಿದೆ. (ಸಮೀಕ್ಷೆ ಮಾಡುವವರು ನಡುವೆ ಪಾಠ ಮಾಡಬಾರದು, ಆ ಹಾಳೆಯನ್ನು ಲೆಕ್ಕದಿಂದ ಬಿಡಬೇಕಾಯಿತು.)

ಅವಳು ಚಿತ್ರ ನೋಡಿದಳು, ಆಮೇಲೆ ನನ್ನ ಕೆಂಪು ಮೂಗು ನೋಡಿದಳು. "ಅದು ಸರಿ, ನೀನು ಏನು ತೆಗೆದುಕೊಂಡೆ?"

ನಾನು ಸುಮ್ಮನಾದೆ. ಹಿಂದಿನ ರಾತ್ರಿ ಹನ್ನೊಂದು ಗಂಟೆಗೆ ಕೋಣೆಯ ಗೆಳತಿಯ ಡ್ರಾಯರಿನಿಂದ ಅಮಾಕ್ಸಿಸಿಲಿನ್ ಎಂಬ ಆ್ಯಂಟಿಬಯಾಟಿಕ್ ಮಾತ್ರೆ ತೆಗೆದು ನುಂಗಿದ್ದೆ, ಬೆಳಿಗ್ಗೆ ಇನ್ನೊಂದು. ಹಲ್ಲಿನ ಸೋಂಕಿಗೆಂದು ವೈದ್ಯರು ಅವಳಿಗೆ ಬರೆದುಕೊಟ್ಟಿದ್ದವು. ಮೂರನೆಯ ದಿನ ನೋವು ಇಳಿಯಿತೆಂದು ತಾನಾಗಿ ನಿಲ್ಲಿಸಿ, ಉಳಿದದ್ದನ್ನು ಜೋಪಾನವಾಗಿ ಇಟ್ಟಿದ್ದಳು. ಅಮಾಕ್ಸಿಸಿಲಿನ್ ಕೆಡಿಸುವುದು ಬ್ಯಾಕ್ಟೀರಿಯಾ ತನ್ನ ಕೋಶಭಿತ್ತಿ ಕಟ್ಟುವ ಕೆಲಸವನ್ನು. ನೆಗಡಿಯ ವೈರಸ್ಸಿಗೆ ಆ ಭಿತ್ತಿಯೇ ಇಲ್ಲ. ಇದೇ ಉತ್ತರವನ್ನು ಹಿಂದಿನ ಪರೀಕ್ಷೆಯಲ್ಲಿ ಚಿತ್ರಸಹಿತ ಬರೆದಿದ್ದೆ.

1945ರಲ್ಲಿ ನೊಬೆಲ್ ಉಪನ್ಯಾಸದ ಕೊನೆಗೆ, ಪೆನಿಸಿಲಿನ್ ಎಂಬ ಆ್ಯಂಟಿಬಯಾಟಿಕ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ ಒಂದು ಕಲ್ಪಿತ ಪ್ರಸಂಗ ಹೇಳಿದ್ದರು. ಗಂಟಲು ನೋವಿನವನೊಬ್ಬ ತಾನೇ ಪೆನಿಸಿಲಿನ್ ಕೊಂಡು, ಸಾಲದಷ್ಟು ತೆಗೆದುಕೊಂಡು, ಔಷಧವನ್ನು ಎದುರಿಸಿ ನಿಲ್ಲುವಂತೆ ರೋಗಾಣುಗಳನ್ನು ಪಳಗಿಸಿಬಿಡುತ್ತಾನೆ. ಅವನಿಂದ ಹೆಂಡತಿಗೆ ಸೋಂಕು ತಗಲಿ ನ್ಯುಮೋನಿಯಾ ಆಗುತ್ತದೆ, ಔಷಧ ನಾಟುವುದಿಲ್ಲ, ಅವಳು ಸಾಯುತ್ತಾಳೆ. ಆ ಪ್ರಸಂಗ ನನ್ನ ಯೋಜನೆಯ ಪೀಠಿಕೆಯ ಮೊದಲ ಪುಟದಲ್ಲೇ ಇತ್ತು. ಟೈಪು ಮಾಡಿದವಳೂ ನಾನೇ, ಗಂಟಲು ನೋವೂ ನನ್ನದೇ.

"ಕೊನೆಯ ಪ್ರಶ್ನೆಗೆ ನಿನ್ನ ಉತ್ತರ ಬರೆ ನೋಡೋಣ" ಎಂದು ಗೆಳತಿ ಖಾಲಿ ಹಾಳೆಯೊಂದನ್ನು ನನ್ನತ್ತ ತಳ್ಳಿದಳು.

ಉಳಿದ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ಬಳಸಿದ್ದೀರಾ? 'ಹೌದು' ಎಂದು ಗುರುತು ಹಾಕಿದೆ. ಕೆಳಗೆ ಕಾರಣಗಳ ಮೂರು ಆಯ್ಕೆ: ತಿಳಿದಿರಲಿಲ್ಲ, ಹಣವಿರಲಿಲ್ಲ, ವೈದ್ಯರು ಸಿಗಲಿಲ್ಲ. ಮೂರನ್ನೂ ಬರೆದವಳು ನಾನು. ಒಂದೂ ನನಗೆ ಹೊಂದಲಿಲ್ಲ. ತಿಳಿದಿತ್ತು. ವೈದ್ಯರು ಕ್ಯಾಂಪಸ್ಸಿನಲ್ಲೇ ಇದ್ದರು. ಆದರೆ ನೆಗಡಿ ತಾನಾಗಿ ಹೋಗುವವರೆಗೆ ಕಾಯುವ ಧೈರ್ಯ ಇರಲಿಲ್ಲ. ಏನೋ ಒಂದು ಮಾಡಿದೆ ಎಂಬ ಸಮಾಧಾನ ಇಲ್ಲದೆ ಆ ರಾತ್ರಿ ನಿದ್ದೆ ಬರುತ್ತಿರಲಿಲ್ಲ.

ನಾಲ್ಕನೆಯ ಗೆರೆ ಎಳೆದು 'ಪರೀಕ್ಷೆಯ ಭಯ' ಎಂದು ಬರೆದೆ. ಮರುದಿನ ಆ ಗೆರೆ ಸೇರಿಸಿದ ಹಾಳೆಗಳನ್ನು ಹಿಡಿದು ಅದೇ ಕೋಣೆಗಳ ಬಾಗಿಲು ಮತ್ತೆ ತಟ್ಟಿದೆ. ನೆಗಡಿ ಇನ್ನೂ ಇತ್ತು.