ಅಪಾಸ್ಟ್ರಫಿ ಉಳಿಯಲಿ

ಲಂಡನ್ನಿನ ಪಿಕಡಿಲಿ ರೈಲು ಮಾರ್ಗದ ನಕ್ಷೆಯಲ್ಲಿ ಅರ್ಲ್ಸ್ ಕೋರ್ಟ್ ಮತ್ತು ಬ್ಯಾರನ್ಸ್ ಕೋರ್ಟ್ ಅಕ್ಕಪಕ್ಕದ ನಿಲ್ದಾಣಗಳು. ಮೊದಲನೆಯದರ ಇಂಗ್ಲಿಷ್ ಹೆಸರಿನಲ್ಲಿ (Earl's Court) ಅಪಾಸ್ಟ್ರಫಿ, ಅಂದರೆ ಒಡೆತನ ಸೂಚಿಸಲು s ಅಕ್ಷರದ ಜೊತೆ ಹಾಕುವ ಪುಟ್ಟ ಚಿಹ್ನೆ ಇದೆ, ಎರಡನೆಯದರಲ್ಲಿ (Barons Court) ಇಲ್ಲ. ಇಂಥ ಅಸಮತೆ ನನಗೆ ಇಷ್ಟ. ಎರಡೂ ಹೆಸರುಗಳು ತಮ್ಮ ತಮ್ಮ ಚರಿತ್ರೆಯನ್ನು ಹೊತ್ತುಕೊಂಡೇ ಬಂದಿವೆ.

ಆದರೆ ಆ ಪುಟ್ಟ ಚಿಹ್ನೆಯನ್ನು ಅಳಿಸಲು ಕಚೇರಿಗಳಿಗೆ ಅದೇನು ಆತುರವೋ! 2024ರಲ್ಲಿ ಇಂಗ್ಲೆಂಡಿನ ನಾರ್ತ್ ಯಾರ್ಕ್‌ಶೈರ್ ಕೌನ್ಸಿಲ್, ಹೊಸ ಬೀದಿ ಫಲಕಗಳಲ್ಲಿ ಅಪಾಸ್ಟ್ರಫಿ ಬೇಡ ಎಂದಿತು. ಕಂಪ್ಯೂಟರಿನ ದತ್ತಾಂಶದಲ್ಲಿ ಹುಡುಕಲು ತೊಡಕಾಗುತ್ತದೆಯಂತೆ. ಹ್ಯಾರೋಗೇಟ್ ಊರಿನ ಸೇಂಟ್ ಮೇರೀಸ್ ವಾಕ್ ಫಲಕದ ಮೇಲೆ ಯಾರೋ ಪೆನ್ನಿನಿಂದ ಅದನ್ನು ಮತ್ತೆ ಬರೆದರು. ಆ ಕೈಗೆ ನನ್ನ ನಮಸ್ಕಾರ. ಕೇಂಬ್ರಿಜ್‌ನಲ್ಲಂತೂ 2014ರಲ್ಲಿ ಜನರ ವಿರೋಧಕ್ಕೆ ಮಣಿದು ಕೌನ್ಸಿಲ್ ತನ್ನ ಇಂಥದೇ ನಿಯಮವನ್ನು ಹಿಂದಕ್ಕೆ ಪಡೆಯಿತು.

ಅಮೆರಿಕ ಇನ್ನೂ ಕಠಿಣ. ಅಲ್ಲಿ ಭೌಗೋಳಿಕ ಹೆಸರುಗಳ ಮಂಡಳಿ 1890ರಲ್ಲಿ ಸ್ಥಾಪನೆಯಾಯಿತು. ಸ್ಥಳದ ಹೆಸರು ಒಡೆತನವನ್ನು ಸೂಚಿಸಬಾರದು, ಹಾಗಾಗಿ ಅಪಾಸ್ಟ್ರಫಿಯೂ ಬೇಡ ಎಂಬುದು ಅದರ ನಿಲುವು. ವಿನಾಯಿತಿ ಸಿಕ್ಕಿದ್ದು ಬೆರಳೆಣಿಕೆಯ ಹೆಸರುಗಳಿಗೆ. 1933ರಲ್ಲಿ ಮಾರ್ಥಾಸ್ ವಿನ್ಯರ್ಡ್ ದ್ವೀಪಕ್ಕೆ ಅದು ದಕ್ಕಿತು.

ತುರ್ತು ಸೇವೆಯವರಿಗೆ ವಿಳಾಸ ಬೇಗ ಸಿಗಬೇಕು ಎಂಬ ಮಾತನ್ನು ಒಪ್ಪುತ್ತೇನೆ. ಅದಕ್ಕಾಗಿ ಬೀದಿಯ ಹೆಸರನ್ನೇಕೆ ಕತ್ತರಿಸಬೇಕು? ಹುಡುಕುವಾಗ ಆ ಚಿಹ್ನೆಯನ್ನು ಲೆಕ್ಕಿಸದಂತೆ ತಂತ್ರಾಂಶ ಬರೆಯುವುದು ಕಷ್ಟದ ಕೆಲಸವಲ್ಲ. ಆ ಕೆಲಸ ಯಂತ್ರ ಮಾಡಲಿ, ಫಲಕದ ಮೇಲೆ ಹೆಸರು ಪೂರ್ತಿಯಾಗಿರಲಿ.