ಸ್ಟೆಪ್ನಿ ಇಲ್ಲದ ಕಾರಿಗೆ ರನ್‌ಫ್ಲ್ಯಾಟ್ ಟೈರ್

ನನ್ನ ಕಾರಿನಲ್ಲಿ ಸ್ಟೆಪ್ನಿ ಇಲ್ಲ. ವಿ8 ಎಂಜಿನ್‌ನ ದೊಡ್ಡ ಸೆಡಾನ್, ತೂಕ 2 ಟನ್ ಹತ್ತಿರ, ಆದರೆ ಡಿಕ್ಕಿಯ ತಳದಲ್ಲಿ ಇರುವುದು ಒಂದು ಬಾಟಲಿ ಸೀಲಂಟ್ ಮತ್ತು ಪುಟ್ಟ ಏರ್ ಪಂಪ್ ಅಷ್ಟೇ. ಮೊಳೆ ಚುಚ್ಚಿದ ಸಣ್ಣ ತೂತಿಗೆ ಅದು ಸಾಕು. ಸೈಡ್‌ವಾಲ್, ಅಂದರೆ ಟೈರಿನ ಪಕ್ಕದ ಭಾಗ, ಹರಿದರೆ? ರಾತ್ರಿ ಹೊತ್ತು ಹೆದ್ದಾರಿಯಲ್ಲಿ ಒಬ್ಬನೇ ಜಾಸ್ತಿ ಓಡಾಡುತ್ತೇನೆ, ಈ ಯೋಚನೆ ತಲೆ ಕೊರೆಯುತ್ತಲೇ ಇತ್ತು. ಹಳೇ ಟೈರ್ ಸವೆದ ಮೇಲೆ ನಾಲ್ಕಕ್ಕೂ ರನ್‌ಫ್ಲ್ಯಾಟ್, ಅಂದರೆ ಗಾಳಿ ಹೋದರೂ ಸ್ವಲ್ಪ ದೂರ ಓಡುವ ಟೈರ್, ಹಾಕಿಸಿಬಿಟ್ಟೆ.

ಹಾಕುವ ಕೆಲಸ ನೋಡಬೇಕಿತ್ತು. ನೆಲದ ಮೇಲಿದ್ದ ಹಳೇ ಟೈರನ್ನು ಅಂಗೈಯಲ್ಲಿ ಅದುಮಿದರೆ ಒಳಗೆ ಬಾಗುತ್ತಿತ್ತು. ಹೊಸದರ ಮೇಲೆ ಮೊಣಕಾಲು ಊರಿ ಒತ್ತಿದರೂ ಅಲುಗಲಿಲ್ಲ. ಪಕ್ಕದ ಭಾಗದ ಒಳಗೆ ದಪ್ಪ ರಬ್ಬರ್ ಕೊಟ್ಟಿರುತ್ತಾರಲ್ಲ, ಗಾಳಿ ಹೋದಾಗ ಕಾರಿನ ಭಾರ ಹೊರುವುದು ಅದೇ. ಟೈರ್ ಅಂಗಡಿಯವರು ಯಂತ್ರಕ್ಕೆ ಇನ್ನೊಂದು ಸಹಾಯದ ತೋಳು ಜೋಡಿಸಿ, ಅಂಚಿಗೆ ಸೋಪಿನ ಪೇಸ್ಟ್ ಬಳಿದು, ನಿಧಾನವಾಗಿ ರಿಮ್‌ಗೆ ಇಳಿಸಿದರು. "ಸರ್, ಪ್ರೆಶರ್ ಸೆನ್ಸರ್ ಸರಿ ಇದೆ ತಾನೇ?" ಅಂತ ಎರಡೆರಡು ಸಲ ಕೇಳಿದರು. ಸರಿಯಾದ ಪ್ರಶ್ನೆ. ಗಾಳಿ ಪೂರ್ತಿ ಹೋದರೂ ಈ ಟೈರ್ ನೋಡಲು ಚೆನ್ನಾಗಿಯೇ ಇರುತ್ತದೆ, ಸೆನ್ಸರ್ ಹೇಳದಿದ್ದರೆ ಓಡಿಸುವವರಿಗೆ ಗೊತ್ತೇ ಆಗುವುದಿಲ್ಲ.

ಮೊದಲ ಹಂಪ್‌ನಲ್ಲೇ ವ್ಯತ್ಯಾಸ ತಿಳಿಯಿತು. ರಸ್ತೆಯ ಸಣ್ಣ ಬಿರುಕೂ ಸೀಟಿನವರೆಗೆ ಟಕ್ ಅಂತ ಬರುತ್ತದೆ. ಟೈರಿನ ತೂಕವೂ ಜಾಸ್ತಿ, ತಿರುವಿನಲ್ಲಿ ರಸ್ತೆ ಒಂಚೂರು ಉಬ್ಬುತಗ್ಗಾಗಿದ್ದರೆ ಮೊದಲಿನ ಹಾಗೆ ನೆಲಕ್ಕೆ ಅಂಟಿಕೊಂಡು ಹೋಗುವುದಿಲ್ಲ, ಸ್ವಲ್ಪ ಜಿಗಿಯುತ್ತದೆ. ಇಷ್ಟು ಒಳ್ಳೆ ಸಸ್ಪೆನ್ಷನ್ ಇರುವ ಕಾರಿಗೆ ಇದು ನಷ್ಟವೇ. ಮನಸ್ಸಿಗೆ ಬೇಜಾರಾಯಿತು, ಸುಮ್ನೆ ಯಾಕೆ ಮುಚ್ಚಿಡಲಿ.

ಆಮೇಲೊಂದು ರಾತ್ರಿ ಮಳೆಯಲ್ಲಿ ಹಿಂದಿನ ಎಡ ಚಕ್ರದ ಪ್ರೆಶರ್ ಎಚ್ಚರಿಕೆ ಲೈಟ್ ಹತ್ತಿಕೊಂಡಿತು. ನೋಡನೋಡುತ್ತಲೇ ಪ್ರೆಶರ್ ಸೊನ್ನೆ. ಸಾಮಾನ್ಯವಾಗಿ ಇಂಥ ಟೈರಿಗೆ ಹೇಳುವ ಮಿತಿ 80 ಕಿ.ಮೀ. ವೇಗ, 80 ಕಿ.ಮೀ. ದೂರ. ಕಾರಲ್ಲಿ ಜನ, ಲಗೇಜು ತುಂಬಿದ್ದರೆ ಅಷ್ಟೂ ಸಿಗುವುದಿಲ್ಲ. ನಾನು 60 ದಾಟಲಿಲ್ಲ, ಗಟ್ಟಿ ಬ್ರೇಕ್ ಹಾಕಲಿಲ್ಲ. ಕತ್ತಲಲ್ಲಿ, ಲಾರಿಗಳ ಪಕ್ಕದಲ್ಲಿ ಇಳಿದು ನಿಲ್ಲದೆ ಮನೆ ಸೇರಿದೆ.

ಆ ಟೈರ್ ಮಾತ್ರ ಉಳಿಯಲಿಲ್ಲ. ಗಾಳಿಯಿಲ್ಲದೆ ಓಡಿದ್ದರಿಂದ ಒಳಗಿನ ರಬ್ಬರ್ ಬಿಸಿಗೆ ಪುಡಿಪುಡಿಯಾಗಿತ್ತು, ಪ್ಯಾಚ್ ಹಾಕುವ ಮಾತೇ ಇಲ್ಲ ಅಂದರು. ಅದೇ ಅಳತೆಯ ಹೊಸದು ತರಿಸಿ ಹಾಕಿಸಿದೆ, ಮತ್ತೆ ರನ್‌ಫ್ಲ್ಯಾಟೇ.