ಡಿಸ್ಚಾರ್ಜ್ ಬುಕ್ಕಿನಲ್ಲಿ ಇಲ್ಲದ ಮೂರು ಸಾಲು

ಜೂನ್ 14, 2025

ನಾಲ್ಕು ದಿನದಿಂದ ಬಿಡದೆ ಮಳೆ. ಒಳಕೋಣೆಯ ಮಾಡಿನಲ್ಲಿ ಎರಡು ಹಂಚು ಜಾರಿದ್ದು ಯಾರಿಗೂ ಗೊತ್ತೇ ಆಗಲಿಲ್ಲ. ನೀರು ಬಿದ್ದದ್ದು ಸರಿಯಾಗಿ ನನ್ನ ಕರಿ ಟ್ರಂಕಿನ ಮೇಲೆ. ಫೌಜಿಗಳಿಗೆ ಆ ಟ್ರಂಕು ಎಂತದ್ದು ಅಂತ ಹೇಳಬೇಕಾಗಿಲ್ಲ. ಕಬ್ಬಿಣದ್ದು, ಮುಚ್ಚಳದ ಮೇಲೆ ಬಿಳಿ ಪೇಂಟಿನಲ್ಲಿ ನಂಬರು, ರ‍್ಯಾಂಕು, ಹೆಸರು. ಲೇಹ್‌ನ ಹಿಮ ತಡೆದುಕೊಂಡದ್ದು ಶಂಕರಪುರದ ಮಳೆಗೆ ತುಕ್ಕು ಹಿಡಿದು ತೂತಾಗಿದೆ.

ಒಳಗಿದ್ದ ಕಾಗದವನ್ನೆಲ್ಲ ಬಚ್ಚಲೊಲೆಯ ಮೇಲಿನ ಅಟ್ಟಕ್ಕೆ ಹಾಕಿದೆ. ನಮ್ಮಲ್ಲಿ ಮಳೆಗಾಲಕ್ಕೆ ಕೊಬ್ಬರಿ ಒಣಗಿಸುವ ಜಾಗ ಅದು. ಡಿಸ್ಚಾರ್ಜ್ ಬುಕ್ಕಿನ, ಅಂದರೆ ಫೌಜು ಬಿಡುವಾಗ ಕೊಟ್ಟ ಸರ್ವಿಸ್ ದಾಖಲೆಯ ಪುಸ್ತಕದ, ಹಾಳೆ ಒಂದಕ್ಕೊಂದು ಅಂಟಿತ್ತು. ಬಾಳೆನಾರಿನ ತುಂಡು ತೂರಿಸಿ ಒಂದೊಂದೇ ಬಿಡಿಸುತ್ತಾ ಕೂತೆ. ಹಾಗೆ ಬಿಡಿಸುವಾಗ ಪದಕಗಳ ಪುಟ ಸಿಕ್ಕಿತು. 24 ವರ್ಷದಲ್ಲಿ ಆ ಪುಟವನ್ನು ಸರಿಯಾಗಿ ನೋಡಿದ್ದು ಇವತ್ತೇ.

ಎರಡೇ ಸಾಲು. ಸೈನ್ಯ ಸೇವಾ ಪದಕ, 9 ವರ್ಷದ ದೀರ್ಘ ಸೇವಾ ಪದಕ. ಅಷ್ಟೇ.

ನಾನು 1984ರಲ್ಲಿ ಸೇರಿ 2001ರಲ್ಲಿ ಹವಾಲ್ದಾರ್ ಆಗಿ ಹೊರಬಂದವನು. ಕೆಲಸ ಡ್ರೈವರ್. ಸ್ವಾತಂತ್ರ್ಯದ 50ನೇ ವರ್ಷದ ಪದಕ ಇಲ್ಲ. 1997ರ ಆಗಸ್ಟ್ 15ರಂದು ಸಮವಸ್ತ್ರದಲ್ಲಿದ್ದವರಿಗೆಲ್ಲ ಕೊಟ್ಟದ್ದು ಅದು, ಪೊಲೀಸರಿಗೂ ಸಿಕ್ಕಿದೆ. ಹಾಗಾದರೆ ಆ ದಿನ ನಾನು ಎಲ್ಲಿದ್ದೆ? ಹೈ ಆಲ್ಟಿಟ್ಯೂಡ್ ಪದಕ ಇಲ್ಲ, ಎರಡು ವರ್ಷ ಲೇಹ್‌ನಲ್ಲಿದ್ದೆ. ಆಪರೇಷನ್ ವಿಜಯ್, ಅಂದರೆ 1999ರ ಕಾರ್ಗಿಲ್ ಯುದ್ಧದ ಪದಕವೂ ಇಲ್ಲ.

ಜೂನ್ 19

ಹೆಂಡತಿ ಕೇಳಿದಳು: "ಅದರಲ್ಲಿ ದುಡ್ಡು ಏನಾದ್ರೂ ಉಂಟಾ?"

ಇಲ್ಲ, ಒಂದು ಪೈಸೆಯೂ ಇಲ್ಲ.

"ಮತ್ತೆ ಎಂತಕ್ಕೆ ಮಾರಾಯ್ರೆ? ಬೇಕಾದ್ರೆ ಅಂಗಡಿಯಲ್ಲಿ ಸಿಗುವುದಿಲ್ವಾ?"

ಸಿಗುತ್ತದೆ. ಕಂಟೋನ್ಮೆಂಟ್ ಇರುವ ಊರುಗಳಲ್ಲಿ ಮಿಲಿಟರಿ ಟೇಲರ್ ಅಂಗಡಿಗೆ ಹೋದರೆ ಯಾವ ಪದಕದ ನಕಲು ಬೇಕಾದರೂ ಕೊಡುತ್ತಾರೆ. ಆದರೆ ಸರಕಾರ ಕೊಟ್ಟ ಪದಕದ ಅಂಚಿನಲ್ಲಿ ನಂಬರು, ರ‍್ಯಾಂಕು, ಹೆಸರು ಕೊರೆದಿರುತ್ತದೆ. ಅಂಗಡಿಯದ್ದರ ಅಂಚು ನುಣ್ಣಗೆ. ಅವಳಿಗೆ ನನ್ನ 9 ವರ್ಷದ ಪದಕ ತಂದು ತೋರಿಸಿದೆ. ಉಗುರಿನಿಂದ ಅಂಚನ್ನು ಸವರಿ ನೋಡಿದಳು. ಏನೂ ಹೇಳದೆ ಮಲ್ಲಿಗೆ ಕಟ್ಟಲು ಹೋದಳು. ಇವತ್ತು ಹೂವು ಕಡಿಮೆ. ಒಂದು ಅಟ್ಟೆಯೂ ಆಗಲಿಕ್ಕಿಲ್ಲ.

ಈ ಕೆಲಸ ಎಷ್ಟು ದಿನ ಎಳೆಯುತ್ತದೋ ಗೊತ್ತಿಲ್ಲ. ಯಾರಿಗಾದರೂ ಉಪಯೋಗಕ್ಕೆ ಬಂದೀತು ಅಂತ ಬರೆದಿಡುತ್ತಿದ್ದೇನೆ. ಯಾವ ಕೋರು (ಸೈನ್ಯದ ವಿಭಾಗ), ಯಾವ ಯೂನಿಟ್ಟು ಅಂತ ಬರೆಯುವುದಿಲ್ಲ. ಜಗಳ ಮಾಡಲಿಕ್ಕೆ ಹೊರಟದ್ದಲ್ಲ.

ಜೂನ್ 30

ಕಾಪುವಿನಲ್ಲಿರುವ ನಮ್ಮ ಸುಬೇದಾರ್ ಸಾಬ್ ಹತ್ತಿರ ಹೋಗಿದ್ದೆ. ಸರ್ವಿಸಿನಲ್ಲಿ ಹೆಡ್ ಕ್ಲರ್ಕ್ ಆಗಿದ್ದವರು. ಅವರು ಬಿಡಿಸಿ ಹೇಳಿದ ಮೇಲೆ ವಿಷಯ ತಲೆಗೆ ಹೋಯಿತು.

ಫೌಜಿನಲ್ಲಿ ಯಾವುದೂ ಬಾಯಿಮಾತಿನಲ್ಲಿ ಆಗುವುದಿಲ್ಲ. ಮದುವೆ, ಮಗು, ರಜೆ, ಪ್ರಮೋಷನ್, ಪದಕ, ಎಲ್ಲಕ್ಕೂ ಯೂನಿಟ್ಟು ಪಾರ್ಟ್ ಟು ಆರ್ಡರ್ ಅಂತ ಒಂದು ಲಿಖಿತ ಆದೇಶ ಹೊರಡಿಸಬೇಕು. ಅದು ರೆಕಾರ್ಡ್ ಆಫೀಸಿಗೆ ಹೋಗಿ ಅಲ್ಲಿ ನಮ್ಮ ಶೀಟ್ ರೋಲಿನಲ್ಲಿ, ಅಂದರೆ ಆಫೀಸಿನಲ್ಲಿರುವ ನಮ್ಮ ಸರ್ವಿಸ್ ದಾಖಲೆಯಲ್ಲಿ, ಏರಬೇಕು. ಪಿಂಚಣಿಗೆ ಹೊರಡುವಾಗ ಅದರಲ್ಲಿದ್ದದ್ದು ಡಿಸ್ಚಾರ್ಜ್ ಬುಕ್ಕಿಗೆ ಇಳಿಯುತ್ತದೆ. ಶೀಟ್ ರೋಲಿನಲ್ಲಿ ಇಲ್ಲದ್ದು ಬುಕ್ಕಿನಲ್ಲೂ ಇಲ್ಲ.

"ಎದೆ ಮೇಲೆ ರಿಬ್ಬನ್ ಹಾಕಿದ್ದೆಯಾ?" ಅಂತ ಕೇಳಿದರು.

"ಹಾಕಿದ್ದೆ ಸಾಬ್. ಎಲ್ಲರೂ ಹಾಕಿದ್ರು, ನಾನೂ ಹಾಕಿದೆ."

"ಅದೇ ಆದದ್ದು. ರಿಬ್ಬನ್ ಎದೆ ಮೇಲೆ ಇತ್ತು, ಕಾಗದದಲ್ಲಿ ಬರಲಿಲ್ಲ."

ರೆಕಾರ್ಡ್ ಆಫೀಸು ಒಂದೊಂದು ಕೋರಿಗೆ ಒಂದೊಂದು ಊರಿನಲ್ಲಿ. ಆರ್ಟಿಲರಿಯವರದ್ದು ನಾಸಿಕ್ ರೋಡ್, ಸಿಗ್ನಲ್ಸ್‌ನವರದ್ದು ಜಬಲ್ಪುರ, ವಾಹನ, ಯಂತ್ರ ರಿಪೇರಿಯ ಇಎಂಇಯದ್ದು ಸಿಕಂದರಾಬಾದ್, ಮದ್ರಾಸ್ ರೆಜಿಮೆಂಟಿನದ್ದು ವೆಲಿಂಗ್ಟನ್. ನೇರ ಹೋಗಿ ಕೂತರೂ ಕೆಲಸ ಬೇಗ ಆಗುವುದಿಲ್ಲವಂತೆ. ಅರ್ಜಿಯೇ ದಾರಿ. ಅದಕ್ಕೆ ಮೊದಲು ಪುರಾವೆ.

ಜುಲೈ 22

ಆಟಿ ತಿಂಗಳು. ತೋಟದಲ್ಲಿ ಕೆಲಸ ಇಲ್ಲ, ಪುರಾವೆ ಹುಡುಕುವುದೇ ಕೆಲಸ.

ನಾನು ಮನೆಗೆ ಬರೆದ ಇನ್‌ಲ್ಯಾಂಡ್ ಕಾಗದಗಳನ್ನು ಅಮ್ಮ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಇಟ್ಟಿದ್ದಳು. ಅವಳು ಹೋಗಿ ಹತ್ತು ವರ್ಷ ಆದರೂ ಡಬ್ಬಿ ಹಾಗೇ ಇತ್ತು. 1999ರದ್ದೇ ಹನ್ನೊಂದು ಕಾಗದ. ಕೈ ನಡುಗಿತು, ಸುಳ್ಳು ಹೇಳುವುದಿಲ್ಲ. ಇನ್ನೇನು ಪುರಾವೆ ಸಿಕ್ಕಿತು ಅಂದುಕೊಂಡೆ.

ತಿರುಗಿಸಿ ನೋಡಿದರೆ ಎಲ್ಲದರಲ್ಲೂ ವಿಳಾಸ ಒಂದೇ: ಕೇರ್ ಆಫ್ 56 ಎಪಿಒ, ಅಂದರೆ ಆರ್ಮಿ ಪೋಸ್ಟಾಫೀಸು. ಲೇಹ್ ಅಂತ ಇಲ್ಲ, ದ್ರಾಸ್ ಅಂತ ಇಲ್ಲ. ಯೂನಿಟ್ಟು ಎಲ್ಲಿದೆ ಅಂತ ಯಾರಿಗೂ ತಿಳಿಯಬಾರದು ಅಂತಲೇ ಮಾಡಿದ ವಿಳಾಸ ಅದು. ಶತ್ರುವಿಗೆ ಗೊತ್ತಾಗದ ಹಾಗೆ ಮಾಡಿದ್ದು 26 ವರ್ಷದ ನಂತರ ನನಗೇ ತಿರುಗಿ ಬಂತು. ಒಳಗಾದರೂ ಏನಾದರೂ ಬರೆದಿದ್ದೇನಾ ನೋಡಿದೆ. "ಇಲ್ಲಿ ಚಳಿ ಸ್ವಲ್ಪ ಜಾಸ್ತಿ. ಊಟ ಚೆನ್ನಾಗಿದೆ. ಅಪ್ಪನ ಕಾಲಿಗೆ ಎಣ್ಣೆ ಹಚ್ಚಿ." ಹನ್ನೊಂದರಲ್ಲೂ ಇದೇ ಸಂಗತಿ.

ಬರೆಯದೆ ಬಿಟ್ಟದ್ದು ಬೇರೆ. ಆ ಜೂನ್‌ನಲ್ಲಿ ಶ್ರೀನಗರ–ಲೇಹ್ ರಸ್ತೆಯಲ್ಲಿ ದ್ರಾಸ್ ದಾಟುವುದು ರಾತ್ರಿ ಮಾತ್ರ. ಮೇಲೆ ತೊಲೊಲಿಂಗ್ ಗುಡ್ಡದಲ್ಲಿ ಕೂತ ಶತ್ರುವಿಗೆ ರಸ್ತೆ ಅಂಗೈಯಲ್ಲಿದ್ದ ಹಾಗೆ ಕಾಣುತ್ತಿತ್ತು. ಹೆಡ್‌ಲೈಟ್ ಹಾಕುವ ಹಾಗಿಲ್ಲ. ಮಿಲಿಟರಿ ಲಾರಿಯ ಹಿಂದೆ, ಅಡಿಯಲ್ಲಿ, ಚಕ್ರಗಳ ನಡುವಿನ ಡಿಫರೆನ್ಶಿಯಲ್ ಉಂಡೆಗೆ ಬಿಳಿ ಬಣ್ಣ ಬಳಿದಿರುತ್ತಾರೆ. ಅದರ ಮೇಲೆ ಬೀಳುವ ಹಾಗೆ ಒಂದು ಸಣ್ಣ ಕಾನ್ವಾಯ್ ಲೈಟು. ಹಿಂದಿನ ಡ್ರೈವರಿಗೆ ಕಾಣುವುದು ಕತ್ತಲೆಯಲ್ಲಿ ತೇಲುವ ತೆಂಗಿನಕಾಯಿಯಷ್ಟು ದೊಡ್ಡ ಬಿಳಿ ಚುಕ್ಕೆ, ಅಷ್ಟೇ. ಆ ಚುಕ್ಕೆಯಿಂದ ಕಣ್ಣು ತೆಗೆಯದೆ ಓಡಿಸಬೇಕು. ಚುಕ್ಕೆ ನಿಂತರೆ ನಾವೂ ನಿಲ್ಲಬೇಕು. ಒಂದು ರಾತ್ರಿ ಅದು ಒಮ್ಮೆಗೇ ಕಾಣೆಯಾಯಿತು. ಆ ವಿಷಯ ಇಲ್ಲಿ ಬೇಡ.

ಆಗಸ್ಟ್ 5

ಉಡುಪಿ ಹೆಡ್ ಪೋಸ್ಟಾಫೀಸಿನಲ್ಲಿ 10 ರೂಪಾಯಿಯ ಪೋಸ್ಟಲ್ ಆರ್ಡರ್ ತೆಗೆದುಕೊಂಡು ಆರ್‌ಟಿಐ ಅರ್ಜಿ ಹಾಕಿದೆ. "ನನಗೆ ಯಾಕೆ ಪದಕ ಕೊಡಲಿಲ್ಲ" ಅಂತ ಕೇಳಬೇಡ ಅಂದಿದ್ದರು ಸಾಬ್. ಯಾಕೆ ಅಂತ ಕೇಳಿದರೆ ಉತ್ತರ ಬರುವುದಿಲ್ಲ, ಕಾಗದ ಕೊಡಿ ಅಂದರೆ ಬರುತ್ತದೆ. ಹಾಗಾಗಿ ನನ್ನ ಶೀಟ್ ರೋಲಿನ ದೃಢೀಕೃತ ಪ್ರತಿ, ಪದಕಕ್ಕೆ ಸಂಬಂಧಪಟ್ಟ ಪಾರ್ಟ್ ಟು ಆರ್ಡರುಗಳ ಪ್ರತಿ, ಇಷ್ಟೇ ಕೇಳಿದೆ.

ಸೆಪ್ಟೆಂಬರ್ 9

ಕಾಗದ ಬಂತು! 30 ದಿನದ ಗಡುವಿಗೆ ಹೆಚ್ಚು ಕಡಿಮೆ ಸರಿಯಾಗಿ.

ಓದಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. 50ನೇ ವರ್ಷದ ಪದಕಕ್ಕೆ ಯೂನಿಟ್ಟು ಪಾರ್ಟ್ ಟು ಆರ್ಡರ್ ಕಳಿಸಿದೆ. ಪಟ್ಟಿಯಲ್ಲಿ ನನ್ನ ಹೆಸರೂ ಇದೆ. ಆದರೆ ಆರ್ಮಿ ನಂಬರಿನ ಒಂದು ಅಂಕಿ ತಪ್ಪು. 3 ಇರಬೇಕಾದಲ್ಲಿ 8. ನಂಬರಿನ ಕೊನೆಗೆ ಒಂದು ಅಕ್ಷರ ಇರುತ್ತದಲ್ಲ, ಅದು ಇಂಥ ತಪ್ಪು ಹಿಡಿಯಲಿಕ್ಕೇ ಇರುವುದು. ಹಿಡಿದಿದೆ. ನನ್ನ ಸಾಲನ್ನು ತಿರಸ್ಕರಿಸಿ ವಾಪಸು ಕಳಿಸಿದ್ದಾರೆ. ಯೂನಿಟ್ಟು ಸರಿಮಾಡಿ ಮತ್ತೆ ಕಳಿಸಬೇಕಿತ್ತು. ಅಷ್ಟರಲ್ಲಿ ನನಗೆ ಲೇಹ್‌ಗೆ ಪೋಸ್ಟಿಂಗ್. ಹಳೆಯ ಯೂನಿಟ್ಟಿನವರು ಇವನು ಹೋದ ಅಂದರು, ಹೊಸಬರಿಗೆ ವಿಷಯವೇ ಗೊತ್ತಿಲ್ಲ.

ಟೈಪ್ ಮಾಡಿದ ಕ್ಲರ್ಕಿನ ಮೇಲೆ ಸಿಟ್ಟು ಬರಲಿಲ್ಲ. ನೂರಾರು ಹೆಸರಿನ ಪಟ್ಟಿ, ಹಳೇ ಟೈಪ್‌ರೈಟರ್. ಸಿಟ್ಟು ಬಂದದ್ದು ನನ್ನ ಮೇಲೆ. ಡಿಸ್ಚಾರ್ಜ್ ಆಗುವ ದಿನ ಓದಿ ಸಹಿ ಹಾಕು ಅಂದಿದ್ದರು. ಓದದೆ ಹಾಕಿದೆ. ರೈಲಿಗೆ ಹೊತ್ತಾಗಿತ್ತು.

ಇನ್ನೆರಡು ಪದಕಕ್ಕೆ ಪಾರ್ಟ್ ಟು ಆರ್ಡರೇ ಸಿಗಲಿಲ್ಲವಂತೆ.

ಸೆಪ್ಟೆಂಬರ್ 21

ಟ್ರಂಕಿನ ತಳದಲ್ಲಿ ಹಾಸಿದ್ದ ಪೇಪರಿನ ಅಡಿ, ಪೇ ಆಫೀಸಿನಿಂದ ಬರುತ್ತಿದ್ದ ಲೆಕ್ಕದ ಚೀಟಿಗಳು. ಬೆಳ್ಳಿಹುಳ ಅರ್ಧ ತಿಂದಿದೆ. ಆದರೂ 1998 ಮತ್ತು 1999ರ ಕೆಲವು ಉಳಿದಿವೆ. ಅದರಲ್ಲಿ ಎತ್ತರದ ಜಾಗದ ಭತ್ಯೆ ಅಂತ ಪ್ರತಿ ತಿಂಗಳು ಜಮಾ ಆಗಿದೆ!

ಹೈ ಆಲ್ಟಿಟ್ಯೂಡ್ ಪದಕಕ್ಕೆ 9,000 ಅಡಿಗಿಂತ ಮೇಲೆ 180 ದಿನ ಇರಬೇಕು. ಕಾರ್ಗಿಲ್ ಪಟ್ಟಣ ಸುಮಾರು 8,780 ಅಡಿ. ಲೆಕ್ಕಕ್ಕೆ ಕೂತಾಗ ಅದೊಂದು ಹೆದರಿಕೆ ಇತ್ತು. ಆದರೆ ನನ್ನ ಯೂನಿಟ್ಟು ಇದ್ದದ್ದು ಲೇಹ್‌ನಲ್ಲಿ, 11,500 ಅಡಿ. ಭತ್ಯೆ ಕೊಟ್ಟ ಸರಕಾರಕ್ಕೆ ನಾನು ಅಲ್ಲಿದ್ದದ್ದು ಗೊತ್ತು, ಪದಕ ಬರೆಯುವ ಸರಕಾರಕ್ಕೆ ಗೊತ್ತಿಲ್ಲ. ಎರಡೂ ಒಂದೇ ಸರಕಾರ.

ಅಕ್ಟೋಬರ್ 13

ಮಂಗಳೂರಿಗೆ ಹೋಗಿ ಸೈನಿಕ ಕಲ್ಯಾಣ ಕಚೇರಿಯ ಮೂಲಕ ಅರ್ಜಿ ಕಳಿಸಿದೆ. ಮೂರು ಪದಕಕ್ಕೆ ಒಂದೇ ಅರ್ಜಿ ಬರೆದುಕೊಂಡು ಹೋಗಿದ್ದೆ. ಅಲ್ಲಿದ್ದವರು ಒಂದೊಂದಕ್ಕೆ ಬೇರೆ ಬೇರೆ ಮಾಡಿಸಿದರು. ಒಂದು ಸಿಕ್ಕಿಹಾಕಿಕೊಂಡರೆ ಉಳಿದೆರಡು ನಿಲ್ಲಬಾರದಲ್ವಾ? ಇದು ನನಗೆ ಹೊಳೆದಿರಲಿಲ್ಲ. ಬರುವಾಗ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಕಟಪಾಡಿವರೆಗೆ ಒಳ್ಳೆ ನಿದ್ದೆ.

ನವೆಂಬರ್ 18

ರೆಕಾರ್ಡ್ ಆಫೀಸಿನಿಂದ ಕಾಗದ: ಅಸಲಿ ಡಿಸ್ಚಾರ್ಜ್ ಬುಕ್ ಕಳಿಸಿ.

ಮನೆಯಲ್ಲಿ ರಾತ್ರಿವರೆಗೆ ಅದೇ ಮಾತು. "ಅದೊಂದು ಪುಸ್ತಕ ಹೋದ್ರೆ ನಮ್ಮ ಗತಿ ಎಂತ?" ಅಂತ ಅವಳು. ತಪ್ಪಿಲ್ಲ. ಪಿಂಚಣಿ, ಆಸ್ಪತ್ರೆ, ಕ್ಯಾಂಟೀನು, ಎಲ್ಲದಕ್ಕೂ ಮೊದಲು ಕೇಳುವುದು ಅದನ್ನೇ. ಮಗ ಪ್ರತಿ ಪುಟ ಸ್ಕ್ಯಾನ್ ಮಾಡಿ ಮೂರು ಕಡೆ ಇಟ್ಟ. ಎರಡು ಸೆಟ್ ದೃಢೀಕರಿಸಿದ ಪ್ರತಿ ಮಾಡಿಸಿದೆ.

ರಿಜಿಸ್ಟರ್ಡ್ ಪೋಸ್ಟ್ ಅಂತ ಕೇಳಿದರೆ ಅದು ಈಗ ಸ್ಪೀಡ್ ಪೋಸ್ಟಿನಲ್ಲೇ ಸೇರಿಹೋಗಿದೆಯಂತೆ. ಸರಿ, ಅದರಲ್ಲೇ ಕಳಿಸಿದೆ. ಲಕೋಟೆಗೆ ಹಾಕುವ ಮೊದಲು ಮೂಸಿ ನೋಡಿದೆ. ಬಚ್ಚಲೊಲೆಯ ಹೊಗೆಯ ವಾಸನೆ ಇನ್ನೂ ಇತ್ತು. ಅಲ್ಲಿನ ಕ್ಲರ್ಕ್ ಏನಂದುಕೊಂಡನೋ.

ಡಿಸೆಂಬರ್ 24

ಸುದ್ದಿ ಇಲ್ಲ. ತಲುಪಿದೆ ಅಂತ ಟ್ರ್ಯಾಕಿಂಗ್ ತೋರಿಸುತ್ತದೆ, ಅಷ್ಟೇ.

ಜನವರಿ 20, 2026

ಪರ್ಯಾಯಕ್ಕೆ ಬಂದ ನೆಂಟರು ಹೋದರು. ಫೋನ್ ಮಾಡಿದೆ. "ಪ್ರೋಸೆಸ್ ಮೇ ಹೈ."

ಫೆಬ್ರವರಿ 11

ಪುಸ್ತಕ ಬಂತು.

ಹೆಂಡತಿಯೇ ಲಕೋಟೆ ಒಡೆದಳು. ಪದಕದ ಪುಟದಲ್ಲಿ ಎರಡು ಹೊಸ ಸಾಲು. ನೀಲಿ ಶಾಯಿ, ಪಕ್ಕದಲ್ಲಿ ಸಹಿ, ದುಂಡು ಮೊಹರು. 50ನೇ ವರ್ಷದ್ದು ಸರಿಯಾಗಿದೆ, ಹೈ ಆಲ್ಟಿಟ್ಯೂಡಿನದ್ದೂ ಸರಿಯಾಗಿದೆ. ನಂಬರಿನ ಅಂಕಿ ಒಂದೊಂದಾಗಿ ಬೆರಳಿಟ್ಟು ನೋಡಿದೆ. 3 ಇರುವಲ್ಲಿ 3 ಇದೆ. ಈ ಸಲ ಓದದೆ ಬಿಡಲಿಲ್ಲ.

ಮೂರನೆಯದಕ್ಕೆ ಬೇರೆ ಕಾಗದ. ಆಪರೇಷನ್ ವಿಜಯ್ ಪದಕಕ್ಕೆ ಪಾರ್ಟ್ ಟು ಆರ್ಡರಿನ ನಂಬರು, ತಾರೀಕು ಕೊಟ್ಟರೆ ಪರಿಶೀಲಿಸುತ್ತಾರಂತೆ. ಆ ನಂಬರು ನನ್ನ ಹತ್ತಿರ ಇಲ್ಲ.

ಫೆಬ್ರವರಿ 15

ನಂಬರು ಸಿಗುವ ದಾರಿ ಹೊಳೆಯಿತು. ಒಂದು ಯೂನಿಟ್ಟಿನವರಿಗೆಲ್ಲ ಹೆಚ್ಚಾಗಿ ಒಂದೇ ಆರ್ಡರಿನಲ್ಲಿ ಬರುತ್ತದೆ. ಕಾನ್ವಾಯ್‌ನಲ್ಲಿ ನನ್ನ ಹಿಂದೆ ಲಾರಿ ಓಡಿಸುತ್ತಿದ್ದವನು ಕಣ್ಣೂರಿನವನು. ಅವನಿಗೆ ಪದಕ ಬಂದಿದೆ. ಅವನ ಪುಸ್ತಕದಲ್ಲಿ ಆ ನಂಬರು ಇರಲೇಬೇಕು.

ಎಂಟು ವರ್ಷದ ನಂತರ ಫೋನ್ ಮಾಡಿದೆ. ಹಿಂದಿಯಲ್ಲೇ ಮಾತು, ಆಗಲೂ ಅಷ್ಟೇ. ಪದಕದ ವಿಷಯಕ್ಕೆ ಬರುವಷ್ಟರಲ್ಲಿ ಮುಕ್ಕಾಲು ಗಂಟೆ ಆಯಿತು. ಆ ಬಿಳಿ ಚುಕ್ಕೆ ಕಾಣೆಯಾದ ರಾತ್ರಿಯನ್ನು ಅವನೇ ತೆಗೆದ, ನಾನಲ್ಲ.

ಸಂಜೆ ಅವನ ಮಗಳು ವಾಟ್ಸಾಪಿನಲ್ಲಿ ಪುಟದ ಫೋಟೋ ಕಳಿಸಿದಳು. ಪದಕದ ಹೆಸರು ಓದಲಿಕ್ಕೆ ಬರುತ್ತದೆ, ಆರ್ಡರಿನ ನಂಬರಿನ ಮೇಲೆ ಸರಿಯಾಗಿ ಟ್ಯೂಬ್‌ಲೈಟಿನ ಬೆಳಕು ಬಿದ್ದು ಬಿಳಿ ಆಗಿದೆ. ನಾಳೆ ಬೆಳಗ್ಗೆ ಅಂಗಳದಲ್ಲಿ ಇಟ್ಟು ಇನ್ನೊಂದು ತೆಗೆದು ಕಳಿಸು ಮಗಾ ಅಂತ ಹೇಳಿದ್ದೇನೆ.